ಐರೋಪ್ಯ ಒಕ್ಕೂಟದಲ್ಲಿ ರಾಜ್ಯ, ಪ್ರಾಂತ್ಯಗಳ ಮಾತು ಎಷ್ಟು ನಡೆಯುತ್ತದೆ? – ಪ್ರಶ್ನೋತ್ತರ

ಪ್ರಶ್ನೆ: ಸರ್, 2016ರಲ್ಲಿ ಕೆನಡಾ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ (ಸೀಟಾ) ಬೆಲ್ಜಿಯಂನ ವಲೋನಿಯಾ ಪ್ರಾಂತ್ಯ ಅಡ್ಡ ನಿಂತಿತ್ತು. ಇಷ್ಟು ಸಣ್ಣ ಪ್ರಾಂತ್ಯಕ್ಕೆ ಇಡೀ ಒಕ್ಕೂಟವನ್ನು ನಿಲ್ಲಿಸುವ ಬಲ ಎಲ್ಲಿಂದ ಬಂತು? ಜರ್ಮನಿಯ ಬವೇರಿಯಾ, ಸ್ಪೇನ್‌ನ ಕ್ಯಾಟಲೋನಿಯಾಗಳೂ ಹೀಗೆ ಮಾಡಬಹುದಾ?

ಉತ್ತರ: ಆ ಬಲವನ್ನು ಕೊಟ್ಟದ್ದು ಐರೋಪ್ಯ ಒಕ್ಕೂಟವಲ್ಲ, ಬೆಲ್ಜಿಯಂ ಸಂವಿಧಾನದ 167ನೇ ವಿಧಿ. ಪ್ರಾಂತ್ಯಗಳ ಅಧಿಕಾರಕ್ಕೆ ತಾಗುವ ಒಪ್ಪಂದಕ್ಕೆ ಅಲ್ಲಿ ಆಯಾ ಪ್ರಾಂತೀಯ ಸಂಸತ್ತುಗಳ ಒಪ್ಪಿಗೆಯೂ ಬೇಕು. ಸೀಟಾವನ್ನು ‘ಮಿಶ್ರ ಒಪ್ಪಂದ’ವಾಗಿ, ಅಂದರೆ ಒಕ್ಕೂಟವೂ ಸದಸ್ಯ ದೇಶಗಳೂ ಸೇರಿ ಸಹಿ ಮಾಡುವ ಒಪ್ಪಂದವಾಗಿ ಮುಂದಿಟ್ಟಿದ್ದರು. ಅಕ್ಟೋಬರ್ 14ರಂದು ವಲೋನಿಯಾ ಸಂಸತ್ತು ಬೇಡ ಎಂದಿತು, ಹಾಗಾಗಿ ಬೆಲ್ಜಿಯಂ ಸಹಿ ಹಾಕುವಂತಿರಲಿಲ್ಲ. 27ಕ್ಕೆ ರಾಜಿ, 30ಕ್ಕೆ ಸಹಿ.

ಆದರೆ ಸಿಕ್ಕಿದ್ದೇನು ಅನ್ನುವುದನ್ನೂ ನೋಡಬೇಕು. ಒಪ್ಪಂದದ ಒಂದು ಸಾಲೂ ಬದಲಾಗಲಿಲ್ಲ. ಜೊತೆಗೆ ಒಂದು ವಿವರಣಾ ಪತ್ರ ಸೇರಿತು, ವಿದೇಶಿ ಹೂಡಿಕೆದಾರರು ಸರ್ಕಾರದ ವಿರುದ್ಧ ದೂರು ಒಯ್ಯುವ ನ್ಯಾಯಮಂಡಳಿ ಬಗ್ಗೆ ಒಕ್ಕೂಟದ ನ್ಯಾಯಾಲಯದ ಅಭಿಪ್ರಾಯ ಕೇಳುವ ಭರವಸೆ ಸಿಕ್ಕಿತು. 2019ರ ಏಪ್ರಿಲ್ 30ರಂದು ನ್ಯಾಯಾಲಯ ಆ ವ್ಯವಸ್ಥೆ ಸರಿಯಾಗಿದೆ ಎಂದೇ ಹೇಳಿತು. ಇನ್ನೊಂದು ಕಡೆ, 2017ರ ಮೇನಲ್ಲಿ ಸಿಂಗಪುರ ಒಪ್ಪಂದದ ಕುರಿತ ಅಭಿಪ್ರಾಯದಲ್ಲಿ ನ್ಯಾಯಾಲಯ, ಒಪ್ಪಂದದ ಹೆಚ್ಚಿನ ಭಾಗ ಒಕ್ಕೂಟದ ಅಧಿಕಾರಕ್ಕೇ ಸೇರಿದ್ದು, ಹೂಡಿಕೆ ವ್ಯಾಜ್ಯದಂಥ ಕೆಲವು ಅಂಶಗಳಿಗೆ ಮಾತ್ರ ಸದಸ್ಯ ದೇಶಗಳು ಬೇಕು ಎಂದು ವಿಂಗಡಿಸಿತು. ಅಲ್ಲಿಂದ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ವ್ಯಾಪಾರವನ್ನೂ ಹೂಡಿಕೆ ರಕ್ಷಣೆಯನ್ನೂ ಬೇರೆಬೇರೆ ಒಪ್ಪಂದ ಮಾಡತೊಡಗಿತು. ವಿಯೆಟ್ನಾಂ ಜೊತೆ ಹೀಗೆಯೇ ಆಯಿತು. ವ್ಯಾಪಾರದ ಭಾಗಕ್ಕೆ ಈಗ ಪ್ರಾಂತೀಯ ಸಂಸತ್ತುಗಳ ಒಪ್ಪಿಗೆ ಬೇಕಿಲ್ಲ.

ಬವೇರಿಯಾ ಒಂಟಿಯಾಗಿ ತಡೆಯಲಾರದು. ಜರ್ಮನಿಯ 16 ರಾಜ್ಯಗಳು ತಮ್ಮ ಮಾತು ನಡೆಸುವುದು ರಾಜ್ಯ ಸರ್ಕಾರಗಳ ಪ್ರತಿನಿಧಿಗಳು ಕೂರುವ, 69 ಮತಗಳ ಬುಂಡೆಸ್‌ರಾಟ್ ಮೂಲಕ. ಕ್ಯಾಟಲೋನಿಯಾಕ್ಕೂ ಅಂಥ ಅಧಿಕಾರವಿಲ್ಲ.

ಮರುಪ್ರಶ್ನೆ: ಒಪ್ಪಂದ ಬಿಡಿ, ಮಾಮೂಲಿ ಶಾಸನದ ವಿಷಯ. ಒಕ್ಕೂಟದ ಕರಡು ಒಂದು ಪ್ರಾಂತ್ಯಕ್ಕೆ ಒಪ್ಪಿಗೆಯಿಲ್ಲ ಅಂದುಕೊಳ್ಳಿ. ಹಂತಹಂತವಾಗಿ ಏನು ಮಾಡಬೇಕು?

ಉತ್ತರ: ಕರಡು ಬಂದ ಮೇಲೆ ಎದ್ದರೆ ತಡವಾದ ಹಾಗೆಯೇ. ಕಮಿಷನ್ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂದಿನ ವರ್ಷದ ಕಾರ್ಯಸೂಚಿ ಪ್ರಕಟಿಸುತ್ತದೆ. ತಮ್ಮ ಅಧಿಕಾರಕ್ಕೆ ತಾಗುವ ನಾಲ್ಕೈದು ವಿಷಯಗಳನ್ನು ಆಗಲೇ ಆರಿಸಿಕೊಳ್ಳಬೇಕು. ಕರಡಿಗೆ ಮುಂಚಿನ ಸಾರ್ವಜನಿಕ ಸಮಾಲೋಚನೆ ಸಾಮಾನ್ಯವಾಗಿ 12 ವಾರ ತೆರೆದಿರುತ್ತದೆ. ವಾಕ್ಯ ತಿದ್ದಿಸುವುದು ಅಲ್ಲೇ ಸುಲಭ. ಬ್ರಸೆಲ್ಸ್‌ನಲ್ಲಿ ಪ್ರಾಂತ್ಯಗಳು ಸ್ವಂತ ಕಚೇರಿ ಇಟ್ಟುಕೊಂಡಿರುವುದಕ್ಕೆ ದೊಡ್ಡ ಕಾರಣವೇ ಇದು.

ಕರಡು ಎಲ್ಲ ಅಧಿಕೃತ ಭಾಷೆಗಳಲ್ಲಿ ರಾಷ್ಟ್ರೀಯ ಸಂಸತ್ತುಗಳಿಗೆ ತಲುಪಿದ ದಿನದಿಂದ 8 ವಾರಗಳ ಗಡುವು ಶುರು. ‘ಈ ಕೆಲಸ ಒಕ್ಕೂಟದ ಮಟ್ಟದಲ್ಲಿ ಆಗಬೇಕಾದ್ದಲ್ಲ’ ಎಂಬ ಆಕ್ಷೇಪಕ್ಕೆ, ಅಂದರೆ ಸಬ್ಸಿಡಿಯಾರಿಟಿ ಆಕ್ಷೇಪಕ್ಕೆ, ಇದೇ ಅವಧಿ. ಪ್ರಾಂತೀಯ ಸಂಸತ್ತು ಅದನ್ನು ರಾಷ್ಟ್ರೀಯ ಸಂಸತ್ತಿನ ಮೂಲಕವೇ ಕಳಿಸಬೇಕು, ಮತ ಇರುವುದು ರಾಷ್ಟ್ರೀಯ ಸಂಸತ್ತುಗಳಿಗೆ. ಪ್ರಾಂತ್ಯಗಳನ್ನು ‘ಸೂಕ್ತವೆನಿಸಿದಲ್ಲಿ’ ಕೇಳಬೇಕು ಎಂದಷ್ಟೇ ನಿಯಮ. ಸ್ಪೇನ್‌ನಲ್ಲಿ ಪ್ರಾಂತೀಯ ಸಂಸತ್ತುಗಳಿಗೆ ಸಿಗುವುದು 4 ವಾರ. ಮೊದಲ ವಾರ ಓದಿ ವಿಂಗಡಿಸಿ, ಎರಡು–ಮೂರನೇ ವಾರ ಸಮಿತಿಯಲ್ಲಿ ಚರ್ಚಿಸಿ, ನಾಲ್ಕನೆಯದರಲ್ಲಿ ಕಳಿಸದಿದ್ದರೆ ಹೋಯಿತು.

ಹೆಚ್ಚಿನ ಆಕ್ಷೇಪಗಳು ಬಿದ್ದುಹೋಗುವುದು ಬರವಣಿಗೆಯಲ್ಲಿ. ‘ಇದರಿಂದ ನಮ್ಮ ರೈತರಿಗೆ ನಷ್ಟ’ ಎಂದು ಬರೆದರೆ ಅದು ನೀತಿಯ ವಿಮರ್ಶೆ, ಆಕ್ಷೇಪವಾಗಿ ಲೆಕ್ಕಕ್ಕಿಲ್ಲ. ಎರಡೇ ಪ್ರಶ್ನೆಗೆ ಉತ್ತರ ಬರೆಯಬೇಕು. ಈ ಗುರಿಯನ್ನು ದೇಶ, ಪ್ರಾಂತ್ಯ ಅಥವಾ ಸ್ಥಳೀಯ ಮಟ್ಟದಲ್ಲೇ ಸಾಕಷ್ಟು ಸಾಧಿಸಬಹುದೇ? ಒಕ್ಕೂಟದ ಮಟ್ಟದಲ್ಲಿ ಮಾಡಿದರೆ ನಿಜವಾಗಿ ಹೆಚ್ಚು ಪ್ರಯೋಜನವಿದೆಯೇ?

ಪ್ರತಿ ದೇಶದ ಸಂಸತ್ತಿಗೆ 2 ಮತ, ಒಟ್ಟು 54. ಮೂರನೇ ಒಂದು ಭಾಗ, ಅಂದರೆ 18 ಬಂದರೆ ‘ಹಳದಿ ಕಾರ್ಡ್’ (ಪೊಲೀಸ್, ಅಪರಾಧ ನ್ಯಾಯದ ವಿಷಯದಲ್ಲಿ ನಾಲ್ಕನೇ ಒಂದು ಭಾಗ ಸಾಕು). ಹಳದಿ ಕಾರ್ಡ್ ಬಂದರೆ ಕಮಿಷನ್ ಮರುಪರಿಶೀಲಿಸಬೇಕು, ಕೈಬಿಡಲೇಬೇಕೆಂದಿಲ್ಲ. 2012ರಲ್ಲಿ ಮುಷ್ಕರದ ಹಕ್ಕಿನ ಕರಡನ್ನು ಹಿಂದಕ್ಕೆ ಪಡೆಯಿತು. 2013ರಲ್ಲಿ ಐರೋಪ್ಯ ಪ್ರಾಸಿಕ್ಯೂಟರ್ ಕಚೇರಿಯ ಕರಡನ್ನೂ 2016ರಲ್ಲಿ ಹೊರದೇಶಕ್ಕೆ ನಿಯೋಜಿತರಾದ ಕಾರ್ಮಿಕರ ಕರಡನ್ನೂ ಹಾಗೇ ಉಳಿಸಿಕೊಂಡಿತು.

ಆದ್ದರಿಂದ ಸದಸ್ಯ ದೇಶಗಳ ಮಂತ್ರಿಗಳು ಕೂತು ಶಾಸನಕ್ಕೆ ಮತ ಹಾಕುವ ಕೌನ್ಸಿಲ್ ದಾರಿಯನ್ನು ಬಿಡಲೇಬಾರದು. ನನಗೆ ಕಂಡಂತೆ ಫಲ ಜಾಸ್ತಿ ಅಲ್ಲೇ. ಒಕ್ಕೂಟವನ್ನು ಸ್ಥಾಪಿಸಿದ ಮಾಸ್ಟ್ರಿಕ್ಟ್ ಒಪ್ಪಂದದ ನಂತರ ಪ್ರಾಂತೀಯ ಮಂತ್ರಿಯೂ ದೇಶದ ಪರವಾಗಿ ಅಲ್ಲಿ ಕೂರಬಹುದು. ಶಾಲಾ ಶಿಕ್ಷಣ, ಸಂಸ್ಕೃತಿ, ಪ್ರಸಾರ ಇವು ರಾಜ್ಯಗಳ ಪೂರ್ಣಾಧಿಕಾರಕ್ಕೆ ಬಂದಾಗ ಜರ್ಮನಿಯ ಪರ ಮಾತಾಡುವುದು ಬುಂಡೆಸ್‌ರಾಟ್ ನೇಮಿಸಿದ ರಾಜ್ಯಗಳ ಪ್ರತಿನಿಧಿ. ಮೀನುಗಾರಿಕೆಗೆ ಬೆಲ್ಜಿಯಂ ಕುರ್ಚಿಯಲ್ಲಿ ಕೂರುವುದು ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯದ ಮಂತ್ರಿ.

ಇನ್ನೊಬ್ಬ ಸದಸ್ಯರು: ಬೆಲ್ಜಿಯಂ ಬಗ್ಗೆ ಒಂದು ಸೇರಿಸುತ್ತೇನೆ. ಅಲ್ಲಿನ ಕೇಂದ್ರ, ಪ್ರಾಂತೀಯ ಸರ್ಕಾರಗಳ ನಡುವೆ ಒಮ್ಮತ ಬಾರದಿದ್ದರೆ ಬೆಲ್ಜಿಯಂ ಮತದಿಂದ ದೂರ ಉಳಿಯುತ್ತದೆ. ಕೌನ್ಸಿಲ್‌ನಲ್ಲಿ ಗೆಲ್ಲಲು ಶೇ. 55 ದೇಶಗಳು, ಶೇ. 65 ಜನಸಂಖ್ಯೆ ಬೇಕಾದ್ದರಿಂದ ಹಾಗೆ ದೂರ ಉಳಿದರೂ ವಿರೋಧದ ಪರಿಣಾಮವೇ. ಸರ್ವಾನುಮತ ಬೇಕಾದ ವಿಷಯದಲ್ಲಿ ಮಾತ್ರ ಅದು ಏನನ್ನೂ ತಡೆಯುವುದಿಲ್ಲ. ಒಳಜಗಳಕ್ಕೆ ಇಳಿಯುವ ಮುಂಚೆ ಯಾವ ಬಗೆಯ ಮತ ಅಂತ ನೋಡಿಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ಪ್ರಾಂತ್ಯಗಳ ಸಮಿತಿ (ಕಮಿಟಿ ಆಫ್ ದಿ ರೀಜನ್ಸ್) ಇರುವುದು ಯಾಕೆ?

ಉತ್ತರ: 1994ರಲ್ಲಿ ಶುರುವಾದ ಸಲಹಾ ಸಮಿತಿ ಅದು. ಬ್ರಿಟನ್ ಹೊರಹೋದ ಮೇಲೆ 329 ಸದಸ್ಯರು. ಅದರ ಸಲಹೆಗೆ ಬಂಧಕ ಶಕ್ತಿಯಿಲ್ಲ. ಹಾಗಂತ ತಳ್ಳಿಹಾಕಬೇಡಿ. ಸಮಿತಿಯನ್ನು ಕೇಳಲೇಬೇಕೆಂದು ಒಕ್ಕೂಟದ ಮೂಲ ಒಪ್ಪಂದ ಹೇಳುವ ವಿಷಯಗಳ ಶಾಸನದ ವಿರುದ್ಧ ಸಬ್ಸಿಡಿಯಾರಿಟಿ ಆಧಾರದ ಮೇಲೆ ನ್ಯಾಯಾಲಯಕ್ಕೆ ಹೋಗುವ ಹಕ್ಕು 2009ರ ಲಿಸ್ಬನ್ ಒಪ್ಪಂದದಿಂದ ಅದಕ್ಕಿದೆ. ಪ್ರಾಂತ್ಯವೇ ನೇರ ಹೋದರೆ ತನಗೆ ನೇರ ಪರಿಣಾಮವಿದೆಯೆಂದು ರುಜುವಾತು ಮಾಡಬೇಕು. ಗ್ಲೈಫೋಸೇಟ್ ಕಳೆನಾಶಕದ ಅನುಮತಿಯನ್ನು ಪ್ರಶ್ನಿಸಿದ್ದ ಬ್ರಸೆಲ್ಸ್ ರಾಜಧಾನಿ ಪ್ರಾಂತ್ಯದ ಅರ್ಜಿ 2020ರಲ್ಲಿ ಬಿದ್ದದ್ದು ಈ ಹೊಸ್ತಿಲಲ್ಲೇ.

ಪ್ರಶ್ನೆ: ನಮ್ಮ ಕರ್ನಾಟಕಕ್ಕೆ ಇಂಥ ಹಕ್ಕು ಏನಾದರೂ ಇದೆಯಾ?

ಉತ್ತರ: ಇಲ್ಲ. ಕೃಷಿ ರಾಜ್ಯಪಟ್ಟಿಯಲ್ಲಿದ್ದರೂ, ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ತರಲು ಸಂಸತ್ತು ಯಾವ ವಿಷಯದಲ್ಲೂ ಕಾನೂನು ಮಾಡಬಹುದು ಎನ್ನುತ್ತದೆ ಭಾರತದ ಸಂವಿಧಾನದ 253ನೇ ವಿಧಿ. ಒಪ್ಪಂದಕ್ಕೆ ರಾಜ್ಯಗಳ ಅನುಮೋದನೆ ಬೇಕೆಂಬ ಷರತ್ತಿಲ್ಲ.

ಪ್ರಶ್ನೆ: ಪ್ರಾಂತ್ಯವೇ ಒಕ್ಕೂಟದ ನಿಯಮ ಮುರಿದರೆ?

ಉತ್ತರ: ಒಕ್ಕೂಟದ ಮುಂದೆ ಉತ್ತರಿಸಬೇಕಾದ್ದು ದೇಶವೇ. ವೆಲೆನ್ಸಿಯಾ ಪ್ರಾಂತ್ಯದ ಆರೋಗ್ಯ ವೆಚ್ಚದ ಲೆಕ್ಕ ತಪ್ಪಾಗಿ ತೋರಿಸಿದ್ದಕ್ಕೆ 2015ರಲ್ಲಿ 1.893 ಕೋಟಿ ಯೂರೋ ದಂಡ ಬಿದ್ದದ್ದು ಸ್ಪೇನ್ ಮೇಲೆ. ಅಧಿಕಾರ ಹಂಚಿಕೆ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಆ ಹಣವನ್ನು ಪ್ರಾಂತ್ಯದಿಂದ ವಸೂಲು ಮಾಡಬೇಕೇ ಎಂಬುದು ಆ ದೇಶದ ಒಳಗಿನ ಕಾನೂನಿಗೆ ಬಿಟ್ಟದ್ದು.