ದಿನಾ ಜೇಬಲ್ಲಿಟ್ಕೊಳ್ಳೋಕೆ ಒಂದು ಮಡಚೋ ಚಾಕು, ಎರಡೂವರೆ ಸಾವಿರದೊಳಗೆ ಯಾವುದು ತಗೋಬಹುದು?

ಕೆಳಗಿನತೋಟ (ಸಾಗರ)

ಎಲ್ರಿಗೂ ನಮಸ್ಕಾರ. ಪ್ಯಾಂಟ್ ಜೇಬಲ್ಲಿ ಯಾವಾಗ್ಲೂ ಇರೋ ಥರ ಒಂದು ಮಡಚೋ ಚಾಕು ತಗೋಬೇಕು ಅಂತಿದೀನಿ. ಕೆಲಸ ದೊಡ್ಡದೇನಲ್ಲ, ಡ್ರಿಪ್ ಪೈಪ್ ಕಟ್ ಮಾಡೋದು, ಗೊಬ್ಬರದ ಚೀಲ ಬಿಚ್ಚೋದು, ಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ಕೊಯ್ಯೋದು, ನಾಲ್ಕು ಬಾಳೆ ಎಲೆ, ಶಿವಮೊಗ್ಗಕ್ಕೆ ಹೋದ್ರೆ ಪಾರ್ಸೆಲ್ ಬಿಚ್ಚೋದು ಇಷ್ಟೇ. ಕಡಿಯೋ ಕೆಲಸಕ್ಕೆ ಸೊಂಟದ ಕತ್ತಿ ಇದ್ದೇ ಇದೆ. ಆನ್‌ಲೈನಲ್ಲಿ ನೋಡಿದ್ರೆ ಅಲಗಿನ ಸ್ಟೀಲು ಡಿ2 ಅಂತಾರೆ, 8ಸಿಆರ್13 ಅಂತಾರೆ, 14ಸಿ28ಎನ್ ಅಂತಾರೆ, ಒಂದೇ ಥರ ಕಾಣೋ ಚಾಕು ಒಂದು ಕಡೆ ಐನೂರು ಇನ್ನೊಂದು ಕಡೆ ಐದು ಸಾವಿರ, ಎಂತ ನೋಡಿ ತಗೊಳ್ಳೋದು ಅಂತಲೇ ಗೊತ್ತಾಗ್ತಿಲ್ಲ. ಮಳೆಗಾಲದಲ್ಲೂ ತುಕ್ಕು ಹಿಡೀಬಾರದು, ಅದು ಮುಖ್ಯ. ಮತ್ತೆ ಇದನ್ನ ಇಟ್ಕೊಂಡು ಓಡಾಡಿದ್ರೆ ಪೊಲೀಸ್ರು ಏನಾದ್ರೂ ಅಂತಾರಾ?

ಸಾಣೆಕಲ್ಲು

ಮೊದ್ಲು ಡಿ2 ಬಿಟ್ಟಾಕಿ. ಕೆಟ್ಟ ಸ್ಟೀಲು ಅಂತಲ್ಲ, ಹರಿತ ತುಂಬಾ ದಿನ ನಿಲ್ತದೆ, ಒಣ ಊರಲ್ಲಿದ್ರೆ ನಾನೇ ತಗೊಳ್ಳಿ ಅಂತಿದ್ದೆ. ಆದ್ರೆ ಅದ್ರಲ್ಲಿ ಕಾರ್ಬನ್ನೇ 1.5 ಪರ್ಸೆಂಟ್ ಹತ್ರ ಇದೆ, ಇರೋ 12 ಪರ್ಸೆಂಟ್ ಕ್ರೋಮಿಯಂನಲ್ಲಿ ಒಳ್ಳೆ ಪಾಲು ಆ ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಅನ್ನೋ ಗಟ್ಟಿ ಕಣ ಆಗೋಗ್ತದೆ, ತುಕ್ಕು ತಡಿಯೋಕೆ ಉಳಿಯೋದು ಕಮ್ಮಿ. ಅದಕ್ಕೇ ಅದನ್ನ ಪೂರ್ತಿ ಸ್ಟೇನ್‌ಲೆಸ್ ಅನ್ನಲ್ಲ. ಒದ್ದೆ ಪ್ಯಾಂಟ್ ಜೇಬಲ್ಲಿ ಒಂದು ರಾತ್ರಿ ಬಿಟ್ರೆ ಚುಕ್ಕೆ ಚುಕ್ಕೆ ಬೀಳ್ತದೆ, ಮೇಲಾಗಿ ಮನೆ ಕಲ್ಲಲ್ಲಿ ಮಸೆಯೋಕೆ ಕೂತ್ರೆ ಬೇಜಾರು ಬರೋವಷ್ಟು ಹೊತ್ತು ಹಿಡೀತದೆ.

14ಸಿ28ಎನ್ ಸ್ವೀಡನ್ನಿನ ಸ್ಟೀಲು. ಕಾರ್ಬನ್ 0.62, ಕ್ರೋಮಿಯಂ 14, ಜೊತೆಗೆ ಚೂರು ನೈಟ್ರೋಜನ್, ಹಂಗಾಗಿ ಗಟ್ಟಿನೂ ಇರ್ತದೆ ತುಕ್ಕಿಗೂ ಅಷ್ಟು ಬೇಗ ಬಗ್ಗಲ್ಲ, ಬೇಗ ಹರಿತಾನೂ ಆಗ್ತದೆ. ರೂಯಿಕ್ ಪಿ801 ಅಂತ ಒಂದು ಚಾಕು ಬರ್ತದಲ್ಲ, ಅದ್ರಲ್ಲಿ ಇದೇ ಇರೋದು. ನಿಮ್ಮ ಬಜೆಟ್ ಸ್ವಲ್ಪ ದಾಟಬಹುದು, ಆಫರ್ ಕಾಯಿರಿ. 8ಸಿಆರ್13 ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆದ್ರೆ ನೀವು ಹೇಳಿದ ಕೆಲಸಕ್ಕೆ ಧಾರಾಳ ಸಾಕು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಸ್ಟೀಲಿನ ಹೆಸರಿಗಿಂತ ಅಲಗಿನ ದಪ್ಪ ಜಾಸ್ತಿ ಲೆಕ್ಕಕ್ಕೆ ಬರೋದು. ಮೂರೂವರೆ ಮಿಲಿಮೀಟರ್ ದಪ್ಪದ ಅಲಗು ಹಿಡ್ಕೊಂಡು ಮಾವಿನಕಾಯಿ ಹೆಚ್ಚಿ ನೋಡಿ, ಕೊಯ್ಯಲ್ಲ, ಸೀಳ್ತದೆ. ಎರಡು ಎರಡೂವರೆ ಮಿಲಿಮೀಟರ್, ಅಂಚಿನ ಕಡೆ ತೆಳ್ಳಗೆ ಇಳಿದಿರಬೇಕು. ಫೋಟೋದಲ್ಲಿ ಇದು ಕಾಣಲ್ಲ, ವಿವರ ಓದಿ.

ಹಳೇಕಬ್ಬಿಣ (ತೀರ್ಥಹಳ್ಳಿ)

ನೀವೆಲ್ಲ ಸ್ಟೇನ್‌ಲೆಸ್ ಹಿಂದೆ ಬಿದ್ದಿದೀರಲ್ಲ ಮಾರಾಯ್ರೆ. ನಮ್ಮಜ್ಜನ ಕಾಲದ ಕತ್ತಿ ಯಾವುದು ಸ್ಟೇನ್‌ಲೆಸ್ ಇತ್ತು? ಅಡಿಕೆ ಚೊಗರು, ಬಾಳೆ ಸೊನೆ ಹತ್ತಿ ಕಪ್ಪಗಾಗ್ತದೆ, ಆಗ್ಲಿ ಬಿಡಿ, ಆ ಕಪ್ಪು ತುಕ್ಕಲ್ಲ, ಅದು ಕೂತ ಮೇಲೆ ಕೆಂಪು ತುಕ್ಕು ಹಿಡಿಯೋದೇ ಕಮ್ಮಿ ಆಗ್ತದೆ. ಒಪಿನೆಲ್ 8ನೇ ನಂಬರ್, ಕಾರ್ಬನ್ ಅಲಗಿಂದು ತಗೊಳ್ಳಿ. 1890ರಿಂದ ಫ್ರಾನ್ಸಿನ ಬೆಟ್ಟದ ರೈತರಿಗೆ ಅಂತಲೇ ಮಾಡ್ತಿರೋ ಚಾಕು, ಎಂಟೂವರೆ ಸೆಂಟಿಮೀಟರ್ ಅಲಗು, ಎರಡು ಮಿಲಿಮೀಟರಿಗಿಂತ ತೆಳು, ಮಸೆದ್ರೆ ಕೂದಲು ಹಾರ್ತದೆ. ಕತ್ತಿನ ಹತ್ರ ತಿರುಗಿಸೋ ಉಂಗುರ ಇದೆ, ಅದೇ ಲಾಕ್. ಅಷ್ಟು ದುಡ್ಡಿಗೆ ಅದಕ್ಕಿಂತ ಚೆನ್ನಾಗಿ ಕೊಯ್ಯೋದು ಇನ್ನೊಂದಿಲ್ಲ.

ಜಡಿಮಳೆ (ಆಗುಂಬೆ ಕಡೆ)

@ಹಳೇಕಬ್ಬಿಣ ಕೊಯ್ಯೋದ್ರಲ್ಲಿ ನೀವು ಹೇಳಿದ್ದು ಸರಿ, ಆದ್ರೆ ಒಪಿನೆಲ್ ಹಿಡಿ ಮರದ್ದು ಅನ್ನೋದು ಬಿಟ್ಬಿಟ್ರಿ. ಬೀಚ್ ಮರ, ನೀರು ಕುಡಿದು ಉಬ್ತದೆ. ಆಷಾಢದಲ್ಲಿ ನಮ್ಮ ಕಡೆ ಬಾಗಿಲೇ ಹಾಕೋಕೆ ಬರಲ್ಲ, ಇನ್ನು ಆ ಸಣ್ಣ ಸಂದಿಯಿಂದ ಅಲಗು ಹೊರಗೆ ಬರ್ತದಾ? ಉಗುರು ಕಿತ್ತು ಹೋಗ್ಬೇಕು ಅಷ್ಟೇ. ಹಿಡಿಯ ತುದಿನ ಕಲ್ಲಿಗೆ ಕುಟ್ಟಿದ್ರೆ ಅಲಗು ಚೂರು ಮೇಲೆ ಬರ್ತದೆ ಅನ್ನೋ ಉಪಾಯ ಇದೆ, ಬೇಸಿಗೇಲಿ ಹಿಡಿಗೆ ಎಣ್ಣೆ ಕುಡಿಸಿಟ್ರೆ ಇನ್ನೂ ಸ್ವಲ್ಪ ಪರವಾಗಿಲ್ಲ. ಆದ್ರೂ ಇಲ್ಲಿಯ ಮಳೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟ್ತದೆ ಸ್ವಾಮಿ.

ಕೇಳಿದವ್ರಿಗೆ ನನ್ನ ಮಾತು: ವಿಕ್ಟೋರಿನಾಕ್ಸ್ ಫಾರ್ಮರ್, ಅಲ್ಯೂಮಿನಿಯಂ ಹಿಡಿಯದು. ಅಲಗು, ಗರಗಸ, ಚೀಲಕ್ಕೆ ತೂತು ಹಾಕೋ ದಬ್ಬಣದ ಥರದ್ದು ಎಲ್ಲ ಇದೆ. ಸ್ಟೀಲು ಮೆತ್ತಗೆ, ರಾಕ್‌ವೆಲ್ ಅಳತೆಯಲ್ಲಿ 56ರ ಆಸುಪಾಸು ಗಡಸುತನ, ಬೇಗ ಮೊಂಡಾಗ್ತದೆ ನಿಜ, ಅಷ್ಟೇ ಬೇಗ ಮಸೀಬಹುದು. ಕೆಸರಾದ್ರೆ ನಲ್ಲಿ ಕೆಳಗೆ ಹಿಡಿದು ತೊಳೆದು ಒರೆಸಿ ಇಡೋದು. ಬೆಲೆ ಎರಡೂವರೆಗಿಂತ ಮೇಲೆ ಹೋಗ್ತದೆ ಅನ್ನೋದಷ್ಟೇ ತೊಂದ್ರೆ.

ಮತ್ತೆ ತೋಟದವ್ರು ಅಂತ ಹೇಳ್ತೀನಿ, ಜೇಬಿನ ಚಾಕುನ ಬೋರ್ಡೋ (ಅಡಿಕೆಗೆ ಹೊಡೆಯೋ ಮೈಲುತುತ್ತ-ಸುಣ್ಣದ ಔಷಧಿ) ಡ್ರಮ್ಮಿಗೆ ಅದ್ದಬೇಡಿ. ಮೈಲುತುತ್ತಕ್ಕೆ ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಅಲಗು ಅದ್ದೋ ರೂಢಿ ಎಲ್ಲ ಕಡೆ ಇದೆ, ಕೆಂಪಗೆ ತಾಮ್ರ ಕೂತ್ರೆ ಸುಣ್ಣ ಇನ್ನೂ ಬೇಕು ಅಂತ ಲೆಕ್ಕ. ಅದಕ್ಕೆ ಹಳೇ ಕಬ್ಬಿಣದ ಕತ್ತಿನೇ ಆಗ್ಬೇಕು. ಸ್ಟೇನ್‌ಲೆಸ್ ಮೇಲೆ ತಾಮ್ರ ಸರಿಯಾಗಿ ಕೂರಲ್ಲ, ನೀವು ಸುಣ್ಣ ಸಾಕು ಅಂದ್ಕೊಂಡು ಹೊಡೆದ್ರೆ ಅಡಿಕೆ ಹಿಂಗಾರ (ಹೂಗೊನೆ) ಸುಟ್ಟು ಹೋಗ್ತದೆ.

ಹಳೇಕಬ್ಬಿಣ (ತೀರ್ಥಹಳ್ಳಿ)

ಬೋರ್ಡೋ ವಿಷ್ಯ ಒಪ್ಪಿದೆ 😄 ಬಾಗಿಲಿನ ವಿಷ್ಯನೂ. ಆದ್ರೂ ಒಪಿನೆಲ್ ಬಿಡಲ್ಲ.

ಕೋರ್ಟ್‌ರಸ್ತೆ (ಶಿವಮೊಗ್ಗ)

ಪೊಲೀಸ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 1959ರ ಆಯುಧ ಕಾಯ್ದೆ ಕೆಳಗಿನ ನಿಯಮಗಳಲ್ಲಿ ಆಯುಧ ಅಂತ ಎಣಿಸೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರೋ ಚಾಕು ಚೂರಿನ, ಅದ್ರಲ್ಲೂ ಮನೆಬಳಕೆ, ಕೃಷಿ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ವಿನಾಯ್ತಿ ಇದೆ. ನೀವು ಕೇಳ್ತಿರೋದು ಮೂರು ಮೂರೂವರೆ ಇಂಚಿಂದು. ಹಂಗಂತ ಜಾತ್ರೆ, ಮೆರವಣಿಗೆ, ಎಲೆಕ್ಷನ್ ಸಭೆಗೆ ಜೇಬಲ್ಲಿಟ್ಕೊಂಡು ಹೋಗಿ ಅಲ್ಲಿ ಕಾಯ್ದೆ ಮಾತಾಡ್ಬೇಡಿ, ಮನೇಲಿಟ್ಟು ಹೋಗಿ. ಬಟನ್ ಒತ್ತಿದ್ರೆ ಚಟ್ ಅಂತ ಬಿಚ್ಚೋ ಸ್ಪ್ರಿಂಗ್ ಚಾಕು ಮಾತ್ರ ಬೇಡವೇ ಬೇಡ, ತೋಟದ ಕೆಲಸಕ್ಕೆ ಅಂದ್ರೆ ಯಾರೂ ನಂಬಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕಿದ್ರೆ ಸೆಕ್ಯುರಿಟಿಯಲ್ಲೇ ಹೋಯ್ತು ಅಂತ ತಿಳ್ಕೊಳ್ಳಿ, ಚೆಕ್‌ಇನ್ ಬ್ಯಾಗಲ್ಲಿರಲಿ.

ಕೆಳಗಿನತೋಟ (ಸಾಗರ)

ಎಲ್ರಿಗೂ ಥ್ಯಾಂಕ್ಸ್. ಫಾರ್ಮರ್ ನೋಡಿದೆ, ಇಷ್ಟ ಆಯ್ತು, ಆದ್ರೆ ಅದಕ್ಕೆ ಲಾಕ್ ಇಲ್ವಲ್ಲ? ಬೆರಳ ಮೇಲೆ ಮಡಚಿಕೊಂಡ್ರೆ? ಮತ್ತೆ ಐನೂರು ರೂಪಾಯಿಗೆ ದೊಡ್ಡ ಬ್ರ್ಯಾಂಡ್ ಹೆಸರು ಕೆತ್ತಿರೋದು ಸಿಗ್ತಿದೆ, ಅದು?

ಸಾಣೆಕಲ್ಲು

ಐನೂರಿಂದು ನಕಲಿ, ಅನುಮಾನನೇ ಬೇಡ. ಅಲಗಿನ ಮೇಲೆ ಡಿ2 ಅಂತ ಕೆತ್ತೋಕೆ ಖರ್ಚೇನಿಲ್ಲ, ಬಿಸಿ ಮಾಡಿ ಹದ ಕೊಡೋದಕ್ಕೆ ಖರ್ಚು, ಉಳಿಸೋದು ಅಲ್ಲೇ. ಹದ ತಪ್ಪಿದ ಒಳ್ಳೆ ಸ್ಟೀಲಿಗಿಂತ ಹದವಾದ ಸಾದಾ ಸ್ಟೀಲು ಮೇಲು, ನಮ್ಮ ಕಮ್ಮಾರ ಲಾರಿ ಪ್ಲೇಟಲ್ಲಿ ಮಾಡಿದ ಕತ್ತಿ ವರ್ಷಗಟ್ಲೆ ಬರೋದು ಇದೇ ಕಾರಣಕ್ಕೆ.

ಲಾಕ್ ಬೇಕಾಗೋದು ಚುಚ್ಚೋ ಕೆಲಸಕ್ಕೆ. ಎಳೆದು ಕೊಯ್ಯುವಾಗ ಒತ್ತಡ ಅಂಚಿನ ಮೇಲೆ ಬೀಳ್ತದೆ, ಅಲಗು ಇನ್ನೂ ಬಿಚ್ಚೋ ಕಡೆಗೇ ತಳ್ಳಿಸಿಕೊಳ್ತದೆ, ಮಡಚಲ್ಲ. ಡ್ರಿಪ್ ಪೈಪಿಗೆ ತುದಿಯಿಂದ ಚುಚ್ಚಿ ತೂತು ಮಾಡೋ ಅಭ್ಯಾಸ ಇದ್ರೆ ಮಾತ್ರ ಲಾಕ್ ಇರೋದು ತಗೊಳ್ಳಿ. ಅಂಗಡೀಲಿ ಕೈಗೆ ಕೊಟ್ರೆ ಹೀಗೆ ನೋಡಿ: ಅಲಗು ಬಿಚ್ಚಿ ಲಾಕ್ ಹಾಕಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಗಡಗಡ ಅನ್ನಬಾರದು. ಬೆರಳು ದಾರಿಯಲ್ಲಿ ಇಡದೆ ಅಲಗಿನ ಬೆನ್ನನ್ನ ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ, ಲಾಕ್ ಜಾರಿದ್ರೆ ಅಲ್ಲೇ ವಾಪಸ್ ಕೊಡಿ. ಮಡಚಿದಾಗ ಅಲಗು ಹಿಡಿಯ ನಡುವೆ ಕೂರ್ಬೇಕು, ಒಂದು ಪಕ್ಕ ತಾಗ್ತಿರಬಾರದು. ಹಿಡಿ ಹಿಂಭಾಗ ತೆರೆದಿದ್ರೆ ಒಳ್ಳೇದು, ಕೆಸರು ತೊಳೆಯೋಕೆ. ಸ್ಕ್ರೂ ಹಾಕಿರೋದನ್ನೇ ನೋಡಿ, ರಿವೆಟ್ ಹೊಡೆದಿದ್ದು ಸಡಿಲ ಆದ್ರೆ ನೀವು ಬಿಗಿ ಮಾಡೋಕೆ ಆಗಲ್ಲ. ವಿಕ್ಟೋರಿನಾಕ್ಸ್, ಒಪಿನೆಲ್‌ಗೆ ಈ ಮಾತು ಅನ್ವಯಿಸಲ್ಲ, ಅವ್ರು ರಿವೆಟ್ಟಲ್ಲೇ ಚೆನ್ನಾಗಿ ಮಾಡ್ತಾರೆ.

ಎರಡೂವರೆಲಿ ಎಲ್ಲಾ ಚಾಕುಗೇ ಸುರೀಬೇಡಿ, ಒಂದು ನಾನೂರು ಐನೂರು ಕಲ್ಲಿಗೆ ಉಳಿಸ್ಕೊಳ್ಳಿ. ಒಂದು ಕಡೆ 400 ಇನ್ನೊಂದು ಕಡೆ 1000 ಗ್ರಿಟ್ (ಅಂಕಿ ಜಾಸ್ತಿ ಆದಷ್ಟು ಕಲ್ಲು ನಯ) ಇರೋದು ಸಾಕು, 20 ಡಿಗ್ರಿ ಆಸುಪಾಸು ಹಿಡಿದು ಮಸೀರಿ. ಎಳೆದ್ರೆ ಹರಿತ ಆಗೋ ವಿ ಆಕಾರದ ಪ್ಲಾಸ್ಟಿಕ್ ಸಾಣೆ ಬೇಡ, ಅಂಚು ಕೆರೆದು ಹಾಕ್ತದೆ.

ಕೆಳಗಿನತೋಟ (ಸಾಗರ)

ಸರಿ, ಹಂಗಾದ್ರೆ ಈಗ ಒಂದು 8ಸಿಆರ್13 ಲಾಕ್ ಇರೋದು, ಒಂದು ಕಲ್ಲು. ಫಾರ್ಮರ್ ಅಡಿಕೆ ದುಡ್ಡು ಬಂದ ಮೇಲೆ. ಲಾಕ್ ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ರೆ ನಡೀತದಾ?

ಜಡಿಮಳೆ (ಆಗುಂಬೆ ಕಡೆ)

ಅಲಗಿಗೆ ಸವರಿ, ಹಣ್ಣು ಕೊಯ್ದ್ರೂ ತೊಂದ್ರೆ ಇಲ್ಲ. ಸಂದಿಗೆ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗಿ ಚಾಕು ಬಿಚ್ಚೋದೇ ಕಷ್ಟ ಆಗ್ತದೆ. ಅಲ್ಲಿಗೆ ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ.