ಒಂಬತ್ತು ವಾರದ ನಾಯಿಮರಿ ಕಾರು ಹೊರಡುವ ಮುನ್ನವೇ ಜೊಲ್ಲು ಸುರಿಸುತ್ತದೆ: ನಾಲ್ಕು ಗಂಟೆಯ ಪ್ರಯಾಣಕ್ಕೆ ಅದನ್ನು ಸಜ್ಜುಗೊಳಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಒಂದು ಹೆಣ್ಣು ನಾಯಿಮರಿ ಬಂದು ಇಂದಿಗೆ ಎಂಟು ದಿನಗಳಾದವು. ಅದಕ್ಕೀಗ ಒಂಬತ್ತು ವಾರ ತುಂಬಿದೆ, ತೂಕ 4 ಕಿಲೋಗಿಂತ ತುಸು ಹೆಚ್ಚಿದೆ, ಮೊದಲ ಲಸಿಕೆಯಷ್ಟೇ ಆಗಿದೆ. ಮನೆಯೊಳಗೆ ಬಹಳ ಚೂಟಿಯಾಗಿದೆ. ತೊಂದರೆಯೆಲ್ಲ ಕಾರಿನಲ್ಲಿ ಮಾತ್ರ.

ಅದನ್ನು ತಾಯಿಯ ಬಳಿಯಿಂದ ಕರೆತಂದ ದಿನ ಸುಮಾರು 50 ನಿಮಿಷದ ದಾರಿಯಿತ್ತು. ನನ್ನ ಪತ್ನಿ ಮುಂದಿನ ಸೀಟಿನಲ್ಲಿ ಕುಳಿತು ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮೊದಲು ಸ್ವಲ್ಪ ಹೊತ್ತು ಕುಂಯ್‌ಗುಟ್ಟಿತು, ಆಮೇಲೆ ಒಂದರ ಹಿಂದೊಂದು ಆಕಳಿಸತೊಡಗಿತು. ಪಾಪ, ನಿದ್ದೆ ಬಂದಿರಬೇಕೆಂದು ನಾವು ಮಾತಾಡಿಕೊಳ್ಳುತ್ತಿರುವಾಗಲೇ ಎರಡು ಬಾರಿ ವಾಂತಿ ಮಾಡಿಕೊಂಡಿತು. ಮೂರು ದಿನದ ಮೇಲೆ ಲಸಿಕೆಗೆಂದು ಪಶುವೈದ್ಯರ ಬಳಿಗೆ ಒಯ್ದಾಗ ದಾರಿ ಕೇವಲ ಕಾಲು ಗಂಟೆಯದಾಗಿದ್ದರೂ ಮತ್ತೆ ಅದೇ ಕಥೆ. ನಿನ್ನೆ ನಡೆದದ್ದು ಇನ್ನೂ ವಿಚಿತ್ರ. ಕಾರನ್ನು ಒಳಗೂ ಹೊರಗೂ ಸುವಾಸನೆಯ ಶಾಂಪೂ ಹಾಕಿ ತೊಳೆದು ಮುಗಿಸಿದ ನಾನು ಮರಿಯನ್ನು ಸುಮ್ಮನೆ ಹಿಂದಿನ ಸೀಟಿನ ಮೇಲೆ ಕೂರಿಸಿದೆ. ಕಾರು ಒಂದಿಂಚೂ ಅಲ್ಲಾಡಿರಲಿಲ್ಲ, ಕೀಲಿ ಮನೆಯೊಳಗೇ ಇತ್ತು. ಆದರೂ ನಿಮಿಷದೊಳಗೆ ಅದರ ಬಾಯಿಯಿಂದ ಜೊಲ್ಲು ದಾರದಂತೆ ಇಳಿದು ಸೀಟಿನ ಮೇಲೆ ನಾಣ್ಯದಗಲ ಒದ್ದೆಯಾಯಿತು.

ಇನ್ನು ಮೂರು ವಾರಕ್ಕೆ ನಾವು ಸುಮಾರು ನಾಲ್ಕು ಗಂಟೆಯ ಪ್ರಯಾಣ ಮಾಡಲೇಬೇಕಾಗಿದೆ. ಮರಿಯನ್ನು ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದ ಕಾರಣ ಅದನ್ನೂ ಕರೆದೊಯ್ಯಬೇಕು. ದೊಡ್ಡದಾದ ಮೇಲೆ ಇದು ತಾನಾಗಿ ಹೋಗುತ್ತದೆಯೇ? ಹೊರಡುವ ದಿನ ಹೊಟ್ಟೆ ಖಾಲಿ ಇಡಬೇಕೇ? ಮನುಷ್ಯರು ಪ್ರಯಾಣದಲ್ಲಿ ನುಂಗುವ ವಾಂತಿ ಮಾತ್ರೆಯನ್ನು ಚೂರು ಮಾಡಿ ಕೊಡಬಹುದೇ? ತೊಡೆಯ ಮೇಲೆ ಕೂರಿಸಿಕೊಳ್ಳುವುದು ಒಳ್ಳೆಯದೋ, ಪಂಜರದಲ್ಲಿ ಇಡುವುದೋ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ತಾವು ಬರೆದದ್ದರಲ್ಲಿ ನನ್ನ ಗಮನ ಸೆಳೆದದ್ದು ವಾಂತಿಯಲ್ಲ, ನಿಂತ ಕಾರಿನಲ್ಲಿ ಸುರಿದ ಜೊಲ್ಲು. ಅಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕುಳಿತಿವೆ, ಮತ್ತು ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಮೊದಲನೆಯದು ಶರೀರದ್ದು. ಸಮತೋಲನವನ್ನು ಅಳೆಯುವ ಒಳಕಿವಿಯ ಭಾಗ ಮರಿಗಳಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಕಾರು ತಿರುಗಿದಾಗ, ಬ್ರೇಕ್ ಹಾಕಿದಾಗ ಕಿವಿ ಒಂದು ಸುದ್ದಿಯನ್ನು ಹೇಳುತ್ತದೆ, ಕಾರಿನೊಳಗೆ ಅಲುಗದಂತೆ ಕಾಣುವ ಸೀಟನ್ನು ನೋಡುತ್ತಿರುವ ಕಣ್ಣು ಇನ್ನೊಂದನ್ನು ಹೇಳುತ್ತದೆ. ಈ ತಾಳ ತಪ್ಪಿದಾಗಲೇ ಹೊಟ್ಟೆ ತೊಳಸುವುದು. ಅದು ಆಕಳಿಸಿದ್ದು ನಿದ್ದೆಯಿಂದಲ್ಲ. ಆಕಳಿಕೆ, ಪದೇ ಪದೇ ತುಟಿ ನೆಕ್ಕುವುದು, ಜೊಲ್ಲು, ಚಡಪಡಿಕೆ, ನಡುಕ, ಇವೆಲ್ಲ ವಾಂತಿಗೆ ಮುಂಚಿನ ಗುರುತುಗಳು. ಬಹಳಷ್ಟು ಮರಿಗಳು ಒಂದು ವರ್ಷದೊಳಗೆ ಇದನ್ನು ದಾಟುತ್ತವೆ.

ಎರಡನೆಯದು ಮನಸ್ಸಿನದು, ಮತ್ತು ಅದು ವಯಸ್ಸಿನೊಂದಿಗೆ ತಾನಾಗಿ ಹೋಗುತ್ತದೆಂದು ನಂಬಿ ಕೂರುವಂತಿಲ್ಲ. ತಾಯಿಯಿಂದ ಅಗಲಿದ್ದು ಕಾರಿನಲ್ಲಿ, ಹೊಟ್ಟೆ ತೊಳಸಿದ್ದು ಕಾರಿನಲ್ಲಿ, ಸೂಜಿ ಚುಚ್ಚಿಸಿಕೊಳ್ಳಲು ಹೋದದ್ದೂ ಕಾರಿನಲ್ಲಿಯೇ. ಅದರ ಎಂಟು ದಿನದ ಅನುಭವದಲ್ಲಿ ಕಾರೆಂದರೆ ಇಷ್ಟೇ. ಹಾಗಾಗಿ ಸೀಟಿನ ವಾಸನೆ ಬಡಿದ ಕೂಡಲೇ ದೇಹ ತಾನಾಗಿ ಹಿಂದಿನದನ್ನು ನೆನೆಸಿಕೊಂಡಿದೆ.

ಆದ್ದರಿಂದ ಮುಂದಿನ ನಾಲ್ಕೈದು ದಿನ ಕಾರನ್ನು ಓಡಿಸಲೇಬೇಡಿ. ಎರಡೂ ಕಡೆಯ ಬಾಗಿಲು ತೆರೆದಿಟ್ಟು, ತಾವೇ ಮೊದಲು ಒಳಗೆ ಕುಳಿತು, ಮರಿಯನ್ನು ಎರಡು ನಿಮಿಷ ಪಕ್ಕದಲ್ಲಿರಿಸಿಕೊಂಡು, ಅದಕ್ಕೆ ಬಹಳ ಇಷ್ಟವಾದ ತಿನಿಸಿನ ಚೂರನ್ನು ಅಲ್ಲೇ ಕೊಡಿ. ತಿನಿಸನ್ನು ಮೂಸಿಯೂ ನೋಡದಿದ್ದರೆ ತಾವು ತೀರಾ ಹತ್ತಿರ ಒಯ್ದಿದ್ದೀರಿ ಎಂದು ಅರ್ಥ. ಕಾರಿನ ಹೊರಗೆ ನಾಲ್ಕು ಹೆಜ್ಜೆ ದೂರದಿಂದ ಶುರುಮಾಡಿ. ಒಳಗೆ ಆರಾಮಾಗಿ ತಿನ್ನತೊಡಗಿದ ಮೇಲೆ ಬಾಗಿಲು ಮುಚ್ಚಿ ನೋಡಿ, ಮರುದಿನ ಇಂಜಿನ್ ಶುರುಮಾಡಿ ಅಷ್ಟಕ್ಕೇ ನಿಲ್ಲಿಸಿ, ಅದರ ಮರುದಿನ ಗೇಟಿನವರೆಗೆ ಹೋಗಿ ಬನ್ನಿ. ಪ್ರತಿಬಾರಿಯೂ ಜೊಲ್ಲು ಬರುವ ಮೊದಲೇ ಮುಗಿಸುವುದು ಮುಖ್ಯ. ಇನ್ನೊಂದು ಮಾತು: ಆ ಸುವಾಸನೆಯ ಶಾಂಪೂ ತಮ್ಮ ಮೂಗಿಗೆ ಹಿತವಾಗಿರಬಹುದು, ಅದರ ಮೂಗಿಗೆ ಅಲ್ಲ. ಕನ್ನಡಿಗೆ ಸುಗಂಧದ ಡಬ್ಬಿ ತೂಗುಹಾಕಿದ್ದರೆ ಅದನ್ನೂ ತೆಗೆಯಿರಿ.

ಉತ್ತರ 2

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ; ನಾನು ಬರೆಯುವುದು ತೊಡೆಯ ವಿಷಯವನ್ನು ಮಾತ್ರ. ದಯವಿಟ್ಟು ಆ ಅಭ್ಯಾಸವನ್ನು ಇಂದೇ ಬಿಡಿ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಯಾವುದಕ್ಕಾದರೂ ಬಡಿದು ನಿಂತರೆ, ಒಳಗೆ ಕಟ್ಟಿರದ ಮರಿ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗವೂ ಅಷ್ಟೇ. ಅದನ್ನು ಕೈಯಲ್ಲಿ ಹಿಡಿದು ನಿಲ್ಲಿಸುವಷ್ಟು ಬಲ ಯಾರ ತೋಳಿಗೂ ಇಲ್ಲ. ಮುಂದಿನ ಸೀಟಾದರೆ ಇನ್ನೂ ಕೆಟ್ಟದ್ದು, ಏಕೆಂದರೆ ದೊಡ್ಡವರ ದೇಹದ ಅಳತೆಗೆಂದು ಮಾಡಿದ ಏರ್‌ಬ್ಯಾಗ್ ಉಬ್ಬುವ ರಭಸವೇ ತೊಡೆಯ ಮೇಲಿನ ಮರಿಯನ್ನು ಕೊಲ್ಲಬಹುದು. ಅಪಘಾತ ದೂರದ ಮಾತೆನಿಸಿದರೆ, ತೊಡೆಯಿಂದ ಜಾರಿದ ಮರಿ ಬ್ರೇಕ್ ಪೆಡಲಿನ ಕೆಳಗೆ ನುಸುಳುವುದನ್ನು ಊಹಿಸಿಕೊಳ್ಳಿ.

ಹಿಂದಿನ ಸೀಟಿನಲ್ಲಿ ಗಟ್ಟಿಯಾದ ಪ್ರಯಾಣದ ಪಂಜರವಿಟ್ಟು, ಅದರ ತಯಾರಕರು ಸೂಚಿಸಿದಂತೆ ಬಿಗಿದು ಕಟ್ಟಿ, ಎರಡೂ ಕೈಗಳಿಂದ ಅಲ್ಲಾಡಿಸಿ ನೋಡಿ. ಮರಿ ಒಳಗೆ ನಿಲ್ಲಲು, ಸುತ್ತು ತಿರುಗಲು, ಮೈಚಾಚಿ ಮಲಗಲು ಆಗಬೇಕು. ಅದಕ್ಕಿಂತ ಬಹಳ ದೊಡ್ಡದಿದ್ದರೆ ಪ್ರತಿ ತಿರುವಿನಲ್ಲೂ ಅತ್ತಿಂದಿತ್ತ ಜಾರಿ ಹೊಟ್ಟೆ ಇನ್ನಷ್ಟು ತೊಳಸುತ್ತದೆ. ಜಾರದಂಥ ಹಾಸು ಇರಲಿ, ಅದರ ಮೇಲೆ ಹೀರಿಕೊಳ್ಳುವ ಬಟ್ಟೆ ಇರಲಿ. ದೊಡ್ಡದಾದ ಮೇಲೆ ಎದೆಗೆ ತೊಡಿಸುವ ಹಾರ್ನೆಸ್ಸಿಗೆ ಬೆಲ್ಟ್ ಸಿಕ್ಕಿಸಬಹುದು. ಆದರೆ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿ ಸೀಟಿಗೆ ಕಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೋರಾಗಿ ಬ್ರೇಕ್ ಹಾಕಿದರೆ ಅದು ಕುಣಿಕೆಯೇ ಆಗುತ್ತದೆ.

ಉತ್ತರ 3

ಹೊಟ್ಟೆ ಖಾಲಿ ಇಡುವ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ನಮ್ಮದು ಬಹಳ ಸಣ್ಣ ತಳಿಯ ಮರಿ. ವಾಂತಿಗೆ ಹೆದರಿ ಹಿಂದಿನ ಸಂಜೆಯಿಂದಲೇ ಏನೂ ಹಾಕದೆ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಅದು ಕುತ್ತಿಗೆ ಎತ್ತದೆ, ಕರೆದರೆ ಕಣ್ಣು ಮಾತ್ರ ಹೊರಳಿಸುತ್ತ, ಬಟ್ಟೆಯ ಮುದ್ದೆಯಂತೆ ಬಿದ್ದಿತ್ತು. ರಕ್ತದಲ್ಲಿ ಸಕ್ಕರೆ ಇಳಿದುಹೋಗಿದೆ ಎಂದು ದಾರಿಯಲ್ಲಿ ಸಿಕ್ಕ ಪಶುವೈದ್ಯರು ಹೇಳಿ ಉಳಿಸಿಕೊಟ್ಟರು. ಎಳೆಯ ಮರಿಗಳ ದೇಹದಲ್ಲಿ ಶೇಖರವಾಗಿರುವ ಶಕ್ತಿ ಬಹಳ ಕಡಿಮೆ. ದೊಡ್ಡ ನಾಯಿ ತಡೆದುಕೊಳ್ಳುವ ಉಪವಾಸವನ್ನು ಅವು ತಡೆದುಕೊಳ್ಳುವುದಿಲ್ಲ. ಹೊರಡುವುದಕ್ಕೆ ಮೂರು ಗಂಟೆ ಮೊದಲು ಎಂದಿಗಿಂತ ಕಡಿಮೆ ಪ್ರಮಾಣದಲ್ಲಿ ಅದರ ರೂಢಿಯ ಆಹಾರವನ್ನೇ ಕೊಟ್ಟು, ಆಮೇಲೆ ನೀರನ್ನು ಮಾತ್ರ ಸ್ವಲ್ಪ ಸ್ವಲ್ಪ ಕೊಡುತ್ತ ಹೋದರೆ ಸಾಕು. ಊಟವನ್ನು ದಾರಿಯಲ್ಲಿ ಕೊಡಲೇಬೇಕಾದರೆ ನಿಂತ ಕಡೆ ನಾಲ್ಕು ತುತ್ತು ಕೊಟ್ಟು ಸುಧಾರಿಸಿಕೊಳ್ಳಲು ಬಿಡಿ.

ಮಾತ್ರೆಯ ಬಗ್ಗೆ: ನಮ್ಮ ಡಬ್ಬಿಯಿಂದ ಚೂರೂ ಬೇಡ. ನಾಯಿಗಳ ಪ್ರಯಾಣದ ವಾಂತಿಗೆಂದೇ ಮರೋಪಿಟೆಂಟ್ ಎಂಬ ಔಷಧವಿದೆ. ಆದರೆ ಈ ಉದ್ದೇಶಕ್ಕೆ ಅದರ ಮಾತ್ರೆಯನ್ನು ಸೂಚಿಸಿರುವುದು 16 ವಾರ ತುಂಬಿದ ನಾಯಿಗಳಿಗೆ. ತಮ್ಮ ಮರಿಗೆ ಪ್ರಯಾಣದ ಹೊತ್ತಿಗೆ 12 ವಾರವಷ್ಟೇ ಆಗಿರುತ್ತದೆ. ಹಾಗಾಗಿ ಕೊಡಬೇಕೋ ಬೇಡವೋ ಎಂಬುದನ್ನು ಅದನ್ನು ಕೈಯಾರೆ ಪರೀಕ್ಷಿಸಿದ ವೈದ್ಯರೇ ಹೇಳಬೇಕು. ಕೊಟ್ಟರೂ ಅದು ವಾಂತಿಯನ್ನು ತಡೆದೀತೇ ಹೊರತು ಉತ್ತರ 1ರಲ್ಲಿ ಹೇಳಿದ ಹೆದರಿಕೆಯನ್ನಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ತೊಡೆಯ ವಿಷಯ ಓದಿ ನಿಜಕ್ಕೂ ನಾಚಿಕೆಯಾಯಿತು. ಪಂಜರ ತಂದಿದ್ದೇವೆ. ಆದರೆ ಬಾಗಿಲು ಹಾಕಿದ ಕೂಡಲೇ ಮನೆ ಹಾರಿಹೋಗುವಂತೆ ಕೂಗುತ್ತದೆ. ಇನ್ನೊಂದು ಚಿಂತೆಯೆಂದರೆ ಲಸಿಕೆಗಳು ಪೂರ್ತಿಯಾಗಿಲ್ಲ. ನಾಲ್ಕು ಗಂಟೆಯಲ್ಲಿ ಎರಡು ಮೂರು ಬಾರಿಯಾದರೂ ಅದನ್ನು ಕೆಳಗಿಳಿಸದೆ ಆಗುತ್ತದೆಯೇ?

ಉತ್ತರ 4

ಪಂಜರವನ್ನು ಕಾರಿಗೆ ಸೇರಿಸುವ ಮೊದಲು ಮನೆಗೆ ಸೇರಿಸಿ. ಕೆಲವು ದಿನ ಅದರ ಬಾಗಿಲನ್ನೇ ಕಳಚಿಟ್ಟು, ತಾವು ಕೂರುವ ಜಾಗದ ಪಕ್ಕದಲ್ಲಿಟ್ಟು, ಊಟದ ತಟ್ಟೆಯನ್ನು ಒಳಗೇ ಇಡಿ. ಅದು ತಾನಾಗಿ ಹೋಗಿ ಮಲಗಿದ ದಿನ ಬಾಗಿಲು ಸಿಕ್ಕಿಸಿ ಒಂದು ನಿಮಿಷ ಮುಚ್ಚಿ ತೆಗೆಯಿರಿ. ಅಲ್ಲಿ ಹಾಸಿದ ಬಟ್ಟೆಯನ್ನು ಒಗೆಯದೆ ಹಾಗೆಯೇ ಕಾರಿಗೆ ಒಯ್ಯಿರಿ, ಅದರ ವಾಸನೆಯೇ ಅದಕ್ಕೆ ಮನೆ. ದಾರಿಯಲ್ಲಿ ಒಬ್ಬರು ಪಂಜರದ ಪಕ್ಕ ಕೂತು ಬೆರಳು ತಾಗಿಸಿಕೊಂಡಿದ್ದರೆ ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ. ಪಕ್ಕದ ಕಿಟಕಿಯಲ್ಲಿ ಸರಸರ ಓಡುವ ನೋಟ ಕಾಣದಂತೆ ಪಂಜರದ ಎರಡು ಬದಿಗೆ ತೆಳುಬಟ್ಟೆ ಇಳಿಬಿಡಿ, ಮುಂಬದಿಯಲ್ಲಿ ಗಾಳಿಯಾಡಲು ಬಿಡಿ.

ಲಸಿಕೆಯ ಬಗ್ಗೆ ತಮ್ಮ ಚಿಂತೆ ಸರಿಯಾದದ್ದು. ಮರಿಗಳ ಲಸಿಕೆಗಳ ಸರಣಿ ಸಾಮಾನ್ಯವಾಗಿ 16 ವಾರ ಅಥವಾ ಅದಕ್ಕೂ ಆಚೆಗೆ ಮುಗಿಯುತ್ತದೆ. ಮರಿಗಳ ಜೀವಕ್ಕೇ ಎರವಾಗಬಲ್ಲ ವಾಂತಿಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು, ಮತ್ತು ಪ್ರಯಾಣಿಕರು ತಮ್ಮ ನಾಯಿಗಳನ್ನು ಇಳಿಸುವುದು ಹೆದ್ದಾರಿಯ ಬದಿಯ ಅದೇ ನಾಲ್ಕು ಜಾಗಗಳಲ್ಲಿಯೇ. ಹಾಗೆಂದು ಮರಿಯನ್ನು ನಾಲ್ಕು ಗಂಟೆ ಕಟ್ಟಿಹಾಕಿಕೊಳ್ಳಲೂ ಆಗದು; ಈ ವಯಸ್ಸಿನಲ್ಲಿ ಗಂಟೆ, ಒಂದೂವರೆ ಗಂಟೆಗೊಮ್ಮೆ ಅದಕ್ಕೆ ಮೂತ್ರಕ್ಕೆ ಅವಕಾಶ ಬೇಕು. ನಾವು ಕಂಡುಕೊಂಡ ಉಪಾಯ ಇಷ್ಟು: ಮನೆಯಲ್ಲಿ ಮೊದಲೇ ಹೀರುಹಾಸಿನ ಮೇಲೆ ಮೂತ್ರ ಮಾಡಿಸಿ ರೂಢಿಮಾಡಿ, ಪ್ರಯಾಣದಲ್ಲಿ ಕಾರು ನಿಲ್ಲಿಸಿ ಡಿಕ್ಕಿಯ ನೆಲದ ಮೇಲೆ ಅಂಥದ್ದೇ ಹಾಸನ್ನು ಬಿಡಿಸಿ, ಮರಿಯನ್ನು ಅದರ ಮೇಲೆ ನಿಲ್ಲಿಸುತ್ತಿದ್ದೆವು. ನೆಲ ಮುಟ್ಟುವ ಪ್ರಮೇಯವೇ ಇರಲಿಲ್ಲ. ಪಂಜರದ ಬಾಗಿಲು ತೆಗೆಯುವ ಮುನ್ನ ಕಾರಿನ ಬಾಗಿಲುಗಳೆಲ್ಲ ಮುಚ್ಚಿರಬೇಕು, ಹಾರ್ನೆಸ್ಸಿಗೆ ಹಗ್ಗ ಬಿದ್ದಿರಬೇಕು. ಅಪರಿಚಿತ ರಸ್ತೆಯಲ್ಲಿ ಹೆದರಿ ನೆಗೆದ ಮರಿ ಯಾವ ಕಡೆ ಓಡುತ್ತದೆಂದು ಹೇಳಲಾಗದು.

ತಾವು ಕೇಳದಿದ್ದರೂ ಒಂದನ್ನು ಹೇಳದೆ ಇರಲಾರೆ. ಚಹಾ ಕುಡಿಯಲು ಇಳಿದಾಗ ಮರಿಯನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಹೊರಗೆ 24 ಡಿಗ್ರಿಯಷ್ಟೇ ಇದ್ದರೂ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿ ದಾಟಬಹುದು; ಕಿಟಕಿಯನ್ನು ಎರಡು ಬೆರಳಗಲ ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ತಣಿಯಬೇಕು, ಸುತ್ತಲಿನ ಗಾಳಿಯೇ ಕಾದಾಗ ಅದೂ ನಡೆಯುವುದಿಲ್ಲ. ಇಬ್ಬರಲ್ಲಿ ಒಬ್ಬರು ಸರದಿಯ ಮೇಲೆ ಇಳಿಯಿರಿ.

ಪ್ರಶ್ನೆ ಕೇಳಿದವರು

ಹೋಗಿ ಬಂದು ಎರಡು ದಿನವಾಯಿತು. ಹೇಳಿಕೊಟ್ಟವರಿಗೆ ಫಲಿತಾಂಶ ತಿಳಿಸದಿದ್ದರೆ ತಪ್ಪಾಗುತ್ತದೆ. ಮೊದಲ ವಾರ ಕಾರು ನಿಂತಲ್ಲಿಯೇ ನಿಂತಿತ್ತು. ದಿನಕ್ಕೆ ಎರಡು ಹೊತ್ತು ನಾನು ಹಿಂದಿನ ಸೀಟಿನಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದುದನ್ನು ಕಂಡು ಅಕ್ಕಪಕ್ಕದವರು ಏನೆಂದುಕೊಂಡರೋ ತಿಳಿಯದು. ಮೊದಲ ಮೂರು ದಿನ ಮರಿ ತಿನಿಸನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗಿಳಿದು ದೂರ ಹೋಗಿ ತಿನ್ನುತ್ತಿತ್ತು. ನಾಲ್ಕನೆಯ ದಿನ ಸೀಟಿನ ಮೇಲೆಯೇ ತಿಂದಿತು. ಆರನೆಯ ದಿನ ಇಂಜಿನ್ ಶುರುವಾದಾಗ ಕಿವಿ ನಿಮಿರಿಸಿತೇ ಹೊರತು ತಿನ್ನುವುದನ್ನು ನಿಲ್ಲಿಸಲಿಲ್ಲ.

ವೈದ್ಯರು ಮರಿಯನ್ನು ನೋಡಿ, ಈಗ ಔಷಧ ಬೇಡ, ಇನ್ನೂ ಒಂದು ತಿಂಗಳು ಹೀಗೆಯೇ ಇದ್ದರೆ ಬನ್ನಿ ಎಂದರು. ಹೋಗುವಾಗ ತಿರುವುಗಳು ಹೆಚ್ಚಿದ್ದ ಕಡೆ ಒಮ್ಮೆ ವಾಂತಿಯಾಯಿತು. ತುಟಿ ನೆಕ್ಕಿದ್ದು ಪತ್ನಿಗೆ ಕಂಡಿತ್ತು, ಆದರೆ ಗಾಡಿ ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಆಗಿಹೋಯಿತು. ಬರುವಾಗ ಆ ಭಾಗದಲ್ಲಿ ವೇಗ ಬಹಳ ತಗ್ಗಿಸಿ, ಮೊದಲೇ ಒಮ್ಮೆ ನಿಲ್ಲಿಸಿ ಸುಧಾರಿಸಿಕೊಂಡು ಹೊರಟಿದ್ದರಿಂದ ಏನೂ ಆಗಲಿಲ್ಲ, ಉಳಿದ ದಾರಿಯೆಲ್ಲ ನಿದ್ದೆ ಮಾಡಿತು. ಡಿಕ್ಕಿಯಲ್ಲಿ ಹಾಸು ಬಿಡಿಸುವ ಉಪಾಯ ಎರಡನೆಯ ನಿಲುಗಡೆಯಿಂದ ಚೆನ್ನಾಗಿ ನಡೆಯಿತು. ಮೊದಲನೆಯದರಲ್ಲಿ ಮಾತ್ರ ಅದು ಹಾಸಿನ ಮೂಲೆ ಕಚ್ಚಿ ಎಳೆದಾಡುವುದರಲ್ಲೇ ಹತ್ತು ನಿಮಿಷ ಕಳೆಯಿತು.

ಜೊಲ್ಲು ಇನ್ನೂ ಪೂರ್ತಿ ನಿಂತಿಲ್ಲ. ಆದರೆ ಈಗ ಅದು ಶುರುವಾಗುವುದು ಕಾರು ಹೊರಟು ಇಪ್ಪತ್ತು ನಿಮಿಷದ ಮೇಲೆ, ಬಾಗಿಲು ತೆರೆದ ಕೂಡಲೇ ಅಲ್ಲ.