ಕತೆಯ ಸಂಭಾಷಣೆಗೆ ಮನೆಮಾತೋ, ಗ್ರಾಂಥಿಕ ಕನ್ನಡವೋ?

ಪ್ರಶ್ನೆ – ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಓದುಗ:
ನಮ್ಮ ಮನೆಮಾತು ಹವ್ಯಕ ಕನ್ನಡ. ತೋಟದ ಕೆಲಸಕ್ಕೆ ಬರುವವರೊಂದಿಗೆ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕಲಿತದ್ದು ಗ್ರಾಂಥಿಕ ಕನ್ನಡ. ಇವೆಲ್ಲವೂ ಒಂದೇ ಅಂಗಳದಲ್ಲಿ ಕೇಳಿಬರುವ ಕತೆಯೊಂದನ್ನು ಬರೆಯುತ್ತಿದ್ದೇನೆ. ಹವ್ಯಕದಲ್ಲಿ ಹೆಂಗಸರ ಬಗ್ಗೆ ಮಾತನಾಡುವಾಗ ನಪುಂಸಕಲಿಂಗದ ಕ್ರಿಯಾಪದ ಬರುತ್ತದೆ. ‘ಅಕ್ಕ ಬಂತು’ ಎಂಬಲ್ಲಿ ಅಗೌರವದ ಸುಳಿವೂ ಇಲ್ಲ. ಆದರೆ ಮೈಸೂರು, ಧಾರವಾಡಗಳ ಓದುಗರು ಅದನ್ನು ತಾತ್ಸಾರವೆಂದು ತಿಳಿದಾರೆಂಬ ಅಳುಕಿದೆ. ‘ಬಂದಳು’ ಎಂದು ತಿದ್ದಿದರೆ ಕತೆಯ ಅಜ್ಜಿಯ ದನಿಯೇ ಕಳೆದುಹೋಗುತ್ತದೆ. ಬರೆದು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ – ಮಂಜೇಶ್ವರದಿಂದ:
ಖಂಡಿತ ತಿದ್ದಬೇಡಿ. ಅಜ್ಜಿ ತಾನು ಬಹಳ ಗೌರವಿಸುವ ಹೆಂಗಸೊಬ್ಬರ ಬಗ್ಗೆ ಹೀಗೆ ಮಾತನಾಡುವ ಸಂದರ್ಭವನ್ನು ಕತೆಯ ಆರಂಭದಲ್ಲೇ ತನ್ನಿ. ಅಡಿಟಿಪ್ಪಣಿಯ ಅಗತ್ಯವೇ ಬೀಳದು. ನಮ್ಮೂರಿನ ಕವಿ ಗೋವಿಂದ ಪೈಗಳು (1883–1963) ಕೊಂಕಣಿ ಮನೆಮಾತಿನವರು. ಸಾಲುಸಾಲಿಗೂ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸನಿಯಮವನ್ನು, ಅದು ಹೇಳಬೇಕಾದುದನ್ನೇ ಬಾಗಿಸುತ್ತದೆಂದು ಕಂಡಾಗ, ಹಿರಿಯ ಪಂಡಿತರ ಆಕ್ಷೇಪವಿದ್ದರೂ ಅವರು ಕೈಬಿಟ್ಟರು. ನಿಮ್ಮದು ಅದಕ್ಕಿಂತ ಎಷ್ಟೋ ಸಣ್ಣ ಧೈರ್ಯ.

ಉತ್ತರ – ಕುಂಬಳೆಯಿಂದ:
ಮೇಲಿನವರ ಮಾತು ಸರಿ. ಆದರೆ ಗ್ರಾಂಥಿಕ ಕನ್ನಡ ನಮ್ಮದಲ್ಲವೆಂಬ ಭಾವನೆಯಿಂದ ನಿರೂಪಣೆಯಲ್ಲೂ ಅದನ್ನು ದೂರವಿಡಬೇಡಿ. ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ನಮ್ಮ ಸೀಮೆಯ ತಾಳಮದ್ದಳೆಯನ್ನು ನೋಡಿ: ಪದ್ಯ ಪ್ರಸಂಗಕರ್ತನದು, ಭಾಗವತರು ಅದನ್ನು ಹಾಡಿ ನಿಲ್ಲಿಸಿದ ಬಳಿಕ ಬರುವ ಅರ್ಥ ಮಾತ್ರ ಅರ್ಥಧಾರಿ ಆ ಕ್ಷಣಕ್ಕೆ ಕಟ್ಟುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ ನೋವನ್ನೂ ವಾದವನ್ನೂ ಬೆಳೆಸಿದ್ದು ಯಾರ ಮನೆಯಲ್ಲೂ ಆಡದ ಈ ಕನ್ನಡದಲ್ಲಿಯೇ. ತುಳು, ಮರಾಠಿ, ಮಲಯಾಳ ಮನೆಮಾತಿನವರೂ ಬೆಳಗಿನವರೆಗೆ ಕುಳಿತು ಅದನ್ನು ಕೇಳಿದ್ದಾರೆ. ಆ ಭಾಷೆಯನ್ನು ರೂಪಿಸಿಕೊಂಡವರು ನಾವೇ. ಆದ್ದರಿಂದ ನಿರೂಪಣೆ ಗ್ರಾಂಥಿಕದಲ್ಲಿರಲಿ, ಪಾತ್ರಗಳು ತಮ್ಮತಮ್ಮ ಮಾತಾಡಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗೆಯೇ ಮಾಡುತ್ತೇನೆ. ಇನ್ನೊಂದು ತೊಡಕು: ತುಳು ಮಾತುಗಳ ಕೊನೆಯ ಅರೆ ಉಕಾರಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಗುರುತಿಲ್ಲ. ಮನೆ ಎಂಬರ್ಥದ ‘ಇಲ್ಲ್’ ಎಂಬುದನ್ನು ಹೀಗೆ ಬರೆಯಲೇ, ‘ಇಲ್ಲು’ ಎನ್ನಲೇ?

ಉತ್ತರ – ಮಂಜೇಶ್ವರದಿಂದ:
‘ಇಲ್ಲ್’ ಎಂದೇ ಬರೆಯಿರಿ. ‘ಇಲ್ಲು’ ಎಂದರೆ ತುಳುವರ ಕಿವಿಗೆ ಪೂರ್ಣ ಉಕಾರ ಕೇಳಿಸುತ್ತದೆ. ಯಾವುದನ್ನು ಆಯ್ದರೂ ಕತೆಯುದ್ದಕ್ಕೂ ಅದೇ ಕ್ರಮವಿರಲಿ, ಅಚ್ಚಿಗೆ ಹೋಗುವ ಮುನ್ನ ತುಳು ಮನೆಮಾತಿನ ಒಬ್ಬರಿಂದ ಗಟ್ಟಿಯಾಗಿ ಓದಿಸಿ ನೋಡಿ.